ಸಮುವೇಲ ಅಂದ್ರೆ ‘ದೇವರು ಕೇಳಿದ’ ಅಂತಲೋ, ‘ದೇವರನ್ನು ಕೇಳಿದೆ’ ಅಂತಲೋ?

ಧಾರವಾಡದ ಅಪ್ಪ:
ಎಲ್ಲರಿಗೂ ನಮಸ್ಕಾರ. ಮದುವೆಯಾಗಿ 9 ವರ್ಷದ ಮೇಲೆ ನಮಗೆ ಗಂಡು ಮಗು ಹುಟ್ಟಿದೆ. ಇವತ್ತಿಗೆ 23 ದಿನ. ಮುಂದಿನ ತಿಂಗಳು ದೀಕ್ಷಾಸ್ನಾನ, ಅಷ್ಟರಲ್ಲಿ ಹೆಸರು ಗಟ್ಟಿ ಮಾಡಬೇಕು.

ನನ್ನ ಹೆಂಡತಿಗೆ ಸಮುವೇಲ ಅಂತಲೇ ಇಡಬೇಕು ಅಂತ ಆಸೆ. ಈ 9 ವರ್ಷದಲ್ಲಿ ಅವಳು ಹನ್ನಳ ಕಥೆಯನ್ನು ಎಷ್ಟು ಸಲ ಓದಿದ್ದಾಳೋ ಲೆಕ್ಕವಿಲ್ಲ. ಹನ್ನಳಿಗೂ ಮಕ್ಕಳಿರಲಿಲ್ಲ. ಶೀಲೋವಿನ ದೇವಾಲಯದಲ್ಲಿ ನಿಂತು ತುಟಿ ಮಾತ್ರ ಅಲ್ಲಾಡಿಸುತ್ತಾ ಪ್ರಾರ್ಥನೆ ಮಾಡುತ್ತಿದ್ದಳು. ಯಾಜಕ ಏಲಿ ನೋಡಿ, ಕುಡಿದು ಬಂದಿದ್ದಾಳೆ ಅಂದುಕೊಂಡ. ಆಮೇಲೆ ಹುಟ್ಟಿದ ಮಗನೇ ಸಮುವೇಲ. ನಮ್ಮ ಬೈಬಲ್‌ನಲ್ಲಿ ಆ ಪುಟ ಮಾತ್ರ ಬೇರೆ ಪುಟಗಳಿಗಿಂತ ಹೆಚ್ಚು ಸವೆದಿದೆ.

ಹೆಸರಿನ ಅರ್ಥ ಸರಿಯಾಗಿ ತಿಳಿದುಕೊಳ್ಳೋಣ ಅಂತ ಹುಡುಕಿದರೆ ಒಂದೊಂದು ಪಟ್ಟಿಯಲ್ಲಿ ಒಂದೊಂದು ಅರ್ಥ. ಒಂದರಲ್ಲಿ ‘ದೇವರು ಕೇಳಿದ’. ಇನ್ನೊಂದರಲ್ಲಿ ‘ದೇವರಿಂದ ಕೇಳಿ ಪಡೆದವನು’. ಮತ್ತೊಂದರಲ್ಲಿ ‘ದೇವರ ಹೆಸರು’. ಮೂರೂ ಬೇರೆ ಬೇರೆ ಅಲ್ವಾ? ತಿಳಿದವರು ಯಾರಾದರೂ ಹೇಳಿ.

ಸುಮ್ನೆ ಓದುವವ:
ಅಭಿನಂದನೆ ಅಣ್ಣ. ಮೊದಲ ಎರಡೂ ಒಂದೇ ಅಲ್ವಾ? ಕೇಳೋದು ಅಂದ್ರೆ ಕೇಳೋದೇ. ಅದರಲ್ಲಿ ಏನು ವ್ಯತ್ಯಾಸ?

ಹೀಬ್ರೂ ಮೇಷ್ಟ್ರು:
ಧಾರವಾಡದ ತಮ್ಮನಿಗೆ ಶುಭಾಶಯ. ಮಗು, ತಾಯಿ ಇಬ್ಬರೂ ಚೆನ್ನಾಗಿರಲಿ. ಗೊಂದಲದ ಬೇರು ಸುಮ್ನೆ ಓದುವವರ ಮಾತಿನಲ್ಲೇ ಇದೆ.

ಕನ್ನಡದಲ್ಲಿ ‘ಕೇಳು’ ಅನ್ನುವ ಒಂದೇ ಪದ ಎರಡು ಕೆಲಸ ಮಾಡುತ್ತದೆ. ಕಿವಿಯಿಂದ ಕೇಳುವುದೂ ಕೇಳುವುದೇ, ಬಾಯಿಂದ ಕೇಳುವುದೂ ಕೇಳುವುದೇ. ‘ಹಾಡು ಕೇಳಿದೆ’, ‘ಸಾಲ ಕೇಳಿದೆ’. ನಮಗೆ ಸಂದರ್ಭದಿಂದ ಗೊತ್ತಾಗುತ್ತದೆ. ಹೀಬ್ರೂನಲ್ಲಿ ಹಾಗಿಲ್ಲ. ಕಿವಿಯಿಂದ ಕೇಳುವುದಕ್ಕೆ ‘ಶಮಾ’. ಬೇಡುವುದಕ್ಕೆ, ಪ್ರಶ್ನೆ ಕೇಳುವುದಕ್ಕೆ ‘ಶಾಅಲ್’. ಎರಡೂ ಪೂರ್ತಿ ಬೇರೆ ಧಾತುಗಳು. ಕನ್ನಡದ ಪಟ್ಟಿಗಳಲ್ಲಿ ಇವೆರಡೂ ‘ಕೇಳು’ ಆಗಿ ಬೆರೆತುಹೋಗಿವೆ.

ಈಗ ಸಮುವೇಲನಿಗೆ ಬರೋಣ. ಹೀಬ್ರೂ ರೂಪ ‘ಶೆಮುಎಲ್’. ಕೊನೆಯ ‘ಏಲ್’ ಅಂದರೆ ದೇವರು. ದಾನಿಯೇಲ, ಮಿಕಾಯೇಲ, ಗಬ್ರಿಯೇಲ, ಇಸ್ರಾಯೇಲ ಎಲ್ಲದರಲ್ಲೂ ಇರುವುದು ಅದೇ. ಮೊದಲ ಭಾಗ ‘ಶೆಮ್’, ಅಂದರೆ ಹೆಸರು. ಹಾಗಾಗಿ ವ್ಯಾಕರಣದ ಪ್ರಕಾರ ‘ಅವನ ಹೆಸರು ದೇವರು’ ಅಥವಾ ‘ದೇವರ ಹೆಸರು’ ಅನ್ನುವ ಅರ್ಥವೇ ಹತ್ತಿರ.

‘ದೇವರು ಕಿವಿಗೊಟ್ಟ’ ಅನ್ನುವುದು ಯಾಕೆ ಕೂಡುವುದಿಲ್ಲ? ‘ಶಮಾ’ ಧಾತುವಿನ ಕೊನೆಯಲ್ಲಿ ‘ಅಯಿನ್’ ಅನ್ನುವ ಅಕ್ಷರ ಇದೆ. ಗಂಟಲಿನ ಆಳದಿಂದ ಬರುವ ಸದ್ದು, ಕನ್ನಡದಲ್ಲಿ ಅದಕ್ಕೆ ಅಕ್ಷರವೇ ಇಲ್ಲ. ಶೆಮುಎಲ್ ಅಂತ ಬರೆಯುವಾಗ ಆ ಅಯಿನ್ ಇಲ್ಲ. ನಿಜವಾಗಿ ‘ದೇವರು ಕಿವಿಗೊಡುತ್ತಾನೆ’ ಅನ್ನುವ ಅರ್ಥದ ಹೆಸರು ಬೇರೆ ಇದೆ: ಇಷ್ಮಾಯೇಲ. ಅಬ್ರಹಾಮನಿಗೆ ಹಾಗರಳಲ್ಲಿ ಹುಟ್ಟಿದ ಮಗ. ಆದಿಕಾಂಡ 16ರಲ್ಲಿ ದೇವದೂತ ಅದನ್ನು ಬಿಡಿಸಿಯೇ ಹೇಳುತ್ತಾನೆ. ಯಾಕೋಬನ ಹೆಂಡತಿ ಲೇಯಳ ಎರಡನೇ ಮಗ ಸಿಮೆಯೋನನ ಹೆಸರೂ ಇದೇ ‘ಶಮಾ’ದಿಂದ ಬಂದದ್ದು.

ಇನ್ನು ಹನ್ನ ಹೇಳಿದ ಮಾತು. 1 ಸಮುವೇಲ 1:20ರಲ್ಲಿ ಅವಳು ಮಗನಿಗೆ ಹೆಸರಿಟ್ಟು, ಇವನನ್ನು ಯೆಹೋವನಿಂದ ಕೇಳಿ ಪಡೆದೆ ಅನ್ನುತ್ತಾಳೆ. ಅಲ್ಲಿರುವುದು ಬೇಡುವ ‘ಶಾಅಲ್’. ಆ ಧಾತುವಿನಿಂದ ನೇರವಾಗಿ ಬರುವ ಹೆಸರು ಸಮುವೇಲ ಅಲ್ಲ, ಸೌಲ! ‘ಶಾಊಲ್’ ಅಂದರೆ ಕೇಳಿ ಪಡೆದವನು. 28ನೇ ವಚನದಲ್ಲಂತೂ ಹನ್ನ ಮಗನನ್ನು ದೇವರಿಗೆ ಒಪ್ಪಿಸುವಾಗ ಹೀಬ್ರೂ ಮೂಲದಲ್ಲಿ ‘ಶಾಊಲ್’ ಅನ್ನುವ ಪದವೇ ಬರುತ್ತದೆ. ಮುಂದೆ ಇದೇ ಸಮುವೇಲ ಸೌಲನಿಗೆ ಎಣ್ಣೆ ಹಚ್ಚಿ ಮೊದಲ ಅರಸನನ್ನಾಗಿ ಮಾಡುತ್ತಾನೆ. ಕಥೆ ಬರೆದವರು ಇದನ್ನು ಗೊತ್ತಿಲ್ಲದೆ ಮಾಡಿರಲಾರರು. ಈ ಹುಟ್ಟಿನ ಕಥೆ ಮೊದಲು ಸೌಲನದೇ ಆಗಿತ್ತು ಅನ್ನುವ ವಿದ್ವಾಂಸರೂ ಇದ್ದಾರೆ. ನನಗೆ ಅದು ಅಷ್ಟು ಹಿಡಿಸುವುದಿಲ್ಲ. ಯಾಕೆ ಅಂತ ಆಮೇಲೆ ಬರೆಯುತ್ತೇನೆ, ಈಗ ತರಗತಿಗೆ ಹೊತ್ತಾಯಿತು.

ಉಳ್ಳಾಲದ ಅಮ್ಮ:
ಮೇಷ್ಟ್ರೇ, ಓದಿ ಮೈ ಜುಮ್ ಅಂತು. ನನ್ನ ದೊಡ್ಡ ಮಗನ ಹೆಸರು ಇಸ್ಮಾಯಿಲ್. ನನಗೂ 6 ವರ್ಷ ಮಕ್ಕಳಿರಲಿಲ್ಲ. ನಮ್ಮ ಮಾವ ಆ ಹೆಸರಿಟ್ಟರು. ದೇವರು ನಿನ್ನ ಮಾತು ಕೇಳಿದ ಅಂತ ಅದರ ಅರ್ಥ ಅಂದಿದ್ದರು. ಅವರು ಹೇಳಿದ್ದು ಸರಿಯೇ ಇತ್ತು ಅಂತ ಇವತ್ತು ಗೊತ್ತಾಯಿತು.

ನೀವು ಹೇಳಿದ ಎರಡು ಧಾತು ಅರಬ್ಬಿಯಲ್ಲೂ ಇವೆ. ನಮಾಜಿನಲ್ಲಿ ಬಗ್ಗಿ ಏಳುವಾಗ ‘ಸಮಿಅಲ್ಲಾಹು ಲಿಮನ್ ಹಮಿದಹ್’ ಅನ್ನುತ್ತೇವೆ. ತನ್ನನ್ನು ಸ್ತುತಿಸಿದವನ ಮಾತನ್ನು ಅಲ್ಲಾಹ್ ಕೇಳುತ್ತಾನೆ ಅಂತ. ಅದು ಕಿವಿಯ ಕೇಳು. ಬಾಯಿಯ ಕೇಳು ಅರಬ್ಬಿಯಲ್ಲಿ ‘ಸಅಲ’. ಅದರಿಂದ ‘ಸುಆಲ್’, ಪ್ರಶ್ನೆ. ನಾವು ದಿನಾ ಆಡುವ ‘ಸವಾಲು’ ಅದೇ. ಅಂದರೆ ಕನ್ನಡದ ಸವಾಲು ಮತ್ತು ಸೌಲ ರಾಜನ ಹೆಸರು ಒಂದೇ ಬೇರಿನವು ಅಂತಾಯಿತು, ಅಲ್ವಾ ಮೇಷ್ಟ್ರೇ?

ಹೀಬ್ರೂ ಮೇಷ್ಟ್ರು:
ನೂರಕ್ಕೆ ನೂರು ಸರಿ ಅಮ್ಮ. ಅರಬ್ಬಿ, ಹೀಬ್ರೂ ಎರಡೂ ಸೆಮಿಟಿಕ್ ಕುಟುಂಬದ ಭಾಷೆಗಳು. ಅರಬ್ಬಿಯ ಆ ಪದ ಪಾರ್ಸಿ, ಉರ್ದು ದಾಟಿ ಕನ್ನಡಕ್ಕೆ ಬಂತು. ನಾನು 20 ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಸವಾಲು ನನಗೆ ಹೊಳೆದೇ ಇರಲಿಲ್ಲ. ನಾಳೆಯಿಂದ ನನ್ನ ತರಗತಿಯಲ್ಲಿ ಇದನ್ನು ಹೇಳುತ್ತೇನೆ.

ರಮತ್ ಗನ್ ಅಕ್ಕ:
ನಾನು ಉಡುಪಿ ಕಡೆಯವಳು. ಇಸ್ರೇಲ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ, 11 ವರ್ಷ ಆಯಿತು. ನಮ್ಮ ಕರಾವಳಿಯವರು ಇಲ್ಲಿ ಈ ಕೆಲಸದಲ್ಲಿ ತುಂಬಾ ಜನ ಇದ್ದೇವೆ. ಪುಸ್ತಕದ ಹೀಬ್ರೂ ನನಗೆ ಬರುವುದಿಲ್ಲ. ಅಡುಗೆಮನೆ, ಸಂತೆ, ಆಸ್ಪತ್ರೆಯ ಹೀಬ್ರೂ ಬರುತ್ತದೆ.

ಇಲ್ಲಿ ಏನಾದರೂ ವಿಚಾರಿಸಬೇಕಾದರೆ ‘ಯೆಶ್ ಲಿ ಶೆಎಲಾ’ ಅನ್ನುತ್ತೇವೆ, ನನ್ನದೊಂದು ಪ್ರಶ್ನೆ ಇದೆ ಅಂತ. ಅದು ಮೇಷ್ಟ್ರು ಹೇಳಿದ ಶಾಅಲ್ ಅಂತ ಈಗ ಗೊತ್ತಾಯಿತು. ಶಮಾ ಮಾತ್ರ ನನಗೆ ಮೊದಲ ವಾರದಿಂದ ಗೊತ್ತು. ನಾನು ನೋಡಿಕೊಳ್ಳುವ ಅಜ್ಜಿ ಮಲಗುವ ಮೊದಲು ಕೈಯಿಂದ ಕಣ್ಣು ಮುಚ್ಚಿಕೊಂಡು ‘ಶೆಮಾ ಇಸ್ರಾಯೇಲ್’ ಅನ್ನುತ್ತಾರೆ. ಇಸ್ರಾಯೇಲೇ ಕೇಳು ಅಂತ. ಧರ್ಮೋಪದೇಶಕಾಂಡ 6ರ ಮಾತು. ಈಗೀಗ ಅವರಿಗೆ ಮರೆವು ಜಾಸ್ತಿ. ನನ್ನ ಹೆಸರು ಮರೆಯುತ್ತಾರೆ, ಮಗಳ ಹೆಸರು ಮರೆಯುತ್ತಾರೆ. ಅದು ಮಾತ್ರ ಒಂದು ದಿನವೂ ತಪ್ಪಿಲ್ಲ.

ಹೆಸರುಗಳ ಬಗ್ಗೆ ಇನ್ನೊಂದು ಮಾತು. ಊರಲ್ಲಿ ಇದ್ದಾಗ ದೆಬೋರ, ಯೋನ, ತಾಮಾರ್ ಅಂದರೆ ದೊಡ್ಡ ಪವಿತ್ರ ಪದಗಳು ಅಂದುಕೊಂಡಿದ್ದೆ. ಇಲ್ಲಿ ಬಂದ ಮೊದಲ ಬೇಸಿಗೆಯಲ್ಲಿ ಅಜ್ಜಿ ಕಿಟಕಿ ಕಡೆ ಕೈ ತೋರಿಸಿ ‘ದೆವೋರಾ, ದೆವೋರಾ’ ಅಂತ ಕೂಗಿದರು. ಯಾರೋ ಬಂದರು ಅಂತ ಬಾಗಿಲು ತೆಗೆದೆ. ಯಾರೂ ಇಲ್ಲ. ಒಳಗೆ ಜೇನುನೊಣ ಬಂದಿತ್ತು! ಯೋನಾ ಅಂದರೆ ಪಾರಿವಾಳ, ಬಾಲ್ಕನಿ ತುಂಬಾ ಅವೇ. ಸಂತೆಯಲ್ಲಿ ಖರ್ಜೂರ ಬೇಕು ಅಂದರೆ ‘ತಾಮಾರ್’ ಅನ್ನಬೇಕು. ಮೋಶೆಯ ಹೆಂಡತಿ ಚಿಪ್ಪೋರಳ ಹೆಸರಿನ ಅರ್ಥ ಹಕ್ಕಿ. ನಮ್ಮಲ್ಲಿ ಗಿಣಿಯಮ್ಮ, ಮಲ್ಲಿಗೆ, ಸಂಪಿಗೆ ಅಂತ ಇಡುವುದಿಲ್ಲವೇ, ಹಾಗೆಯೇ ಇವರೂ ಕಣ್ಣಿಗೆ ಕಂಡದ್ದನ್ನು ಪ್ರೀತಿಯಿಂದ ಹೆಸರಾಗಿ ಇಟ್ಟರು ಅನ್ನಿಸುತ್ತದೆ. ಅದು ಗೊತ್ತಾದ ಮೇಲೆ ಬೈಬಲ್ ಓದುವಾಗ ಆ ಜನ ನನಗೆ ಇನ್ನೂ ಹತ್ತಿರವಾದರು.

ಹೀಬ್ರೂ ಮೇಷ್ಟ್ರು:
ರಾಹೇಲಳನ್ನೂ ಸೇರಿಸಿಕೊಳ್ಳಿ ಅಕ್ಕ. ಹಳೆಯ ಹೀಬ್ರೂನಲ್ಲಿ ‘ರಾಹೇಲ್’ ಅಂದರೆ ಹೆಣ್ಣು ಕುರಿ. ಅವಳು ಕಥೆಯೊಳಗೆ ಬರುವುದೇ ಕುರಿ ಹಿಂಡಿನ ಜೊತೆ, ಬಾವಿಯ ಹತ್ತಿರ. ಸಿಸೆರನನ್ನು ಕೊಂದ ಯಾಯೇಲಳ ಹೆಸರು ಕಾಡುಮೇಕೆ.

ಕುಲಶೇಖರದ ಹುಡುಗ:
ನಮ್ಮ ಅಜ್ಜನನ್ನು ಊರಲ್ಲಿ ಎಲ್ಲರೂ ‘ಸಿಮಾಂವ್’ ಅಂತ ಕರೆಯುತ್ತಿದ್ದರು. ಇದು ಕೊಂಕಣಿ ಹೆಸರು ಅಂತಲೇ ನಾನು ಅಂದುಕೊಂಡಿದ್ದೆ. ಪೋರ್ಚುಗೀಸರ ‘ಸಿಮಾಂವ್’, ಅದರ ಹಿಂದೆ ಸೀಮೋನ, ಅದರ ಹಿಂದೆ ಲೇಯಳ ಮಗ ಸಿಮೆಯೋನ. ಅಂದರೆ ನಮ್ಮ ಅಜ್ಜನೂ ‘ಶಮಾ’ದವರೇ! ಕೊನೆಯ 10 ವರ್ಷ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಆದರೂ ಮನೆಯಲ್ಲಿ ಯಾರಿಗೇ ಕಷ್ಟ ಬಂದರೂ ಹೋಗಿ ಅವರ ಮುಂದೆಯೇ ಕೂತು ಹೇಳಿಕೊಳ್ಳುತ್ತಿದ್ದೆವು.

ಒಂದು ಪ್ರಶ್ನೆ. ನನ್ನ ಅಮ್ಮನ ಹೆಸರು ಮರಿ, ಅಂದರೆ ಮರಿಯಾ. ಅದರ ಅರ್ಥ ಕೆಲವರು ‘ಕಹಿ’ ಅನ್ನುತ್ತಾರೆ. ಅಮ್ಮನಿಗೆ ಅದು ಕೇಳಿ ಬೇಜಾರಾಗಿದೆ.

ಹೀಬ್ರೂ ಮೇಷ್ಟ್ರು:
ಅಮ್ಮನಿಗೆ ಬೇಜಾರು ಬೇಡ ಅನ್ನಿ. ಮೂಲ ಹೆಸರು ‘ಮಿರ್ಯಾಮ್’, ಮೋಶೆಯ ಅಕ್ಕನ ಹೆಸರು. ‘ಮಾರ್’ ಅಂದರೆ ಕಹಿ ಅನ್ನುವುದು ನಿಜ. ರೂತಳ ಪುಸ್ತಕದಲ್ಲಿ ಗಂಡ, ಮಕ್ಕಳನ್ನು ಕಳೆದುಕೊಂಡ ನೊವೊಮಿ ‘ನನ್ನನ್ನು ನೊವೊಮಿ ಅನ್ನಬೇಡಿ, ಮಾರಾ ಅನ್ನಿ’ ಅಂತ ಅಳುತ್ತಾಳೆ. ಆದರೆ ಅದು ಬೇರೆ ಹೆಸರು. ಮಿರ್ಯಾಮ್ ಈಜಿಪ್ಟಿನ ‘ಮರಿ’ ಅನ್ನುವ ಧಾತುವಿನಿಂದ ಬಂತು, ಅಂದರೆ ‘ಪ್ರೀತಿಪಾತ್ರಳು’, ಅಂತ ಹಲವು ವಿದ್ವಾಂಸರ ಮತ. ಹುಟ್ಟಿದ್ದು ಈಜಿಪ್ಟಿನಲ್ಲಿ ಅಂತ ಕಥೆಯೇ ಹೇಳುವಾಗ ಅದು ಸಹಜ ಅನ್ನಿಸುತ್ತದೆ.

ಉಳ್ಳಾಲದ ಅಮ್ಮ:
ನಮ್ಮ ಬ್ಯಾರಿ ಮನೆಗಳಲ್ಲಿ ಮರಿಯಮ್ಮ ಅನ್ನುವ ಹೆಸರು ಎಷ್ಟೋ ಇವೆ. ನನ್ನ ಅತ್ತೆಯದೂ ಅದೇ. ಕುರ್‌ಆನಿನಲ್ಲಿ ಮರ್ಯಂ ಹೆಸರಿನಲ್ಲೇ ಒಂದು ಅಧ್ಯಾಯ ಇದೆ, 19ನೆಯದು. ನಿಮ್ಮ ಅಮ್ಮನಿಗೆ ಹೇಳಪ್ಪ, ಉಳ್ಳಾಲದಲ್ಲಿ ಅವರ ಹೆಸರಿನವರು ತುಂಬಾ ಜನ ಇದ್ದಾರೆ ಅಂತ.

ನೇರ ಮಾತು:
ಒಂದು ಮಾತು ಕೇಳುತ್ತೇನೆ, ಯಾರೂ ತಪ್ಪು ತಿಳಿಯಬೇಡಿ. ಹನ್ನ ಒಂದು ಅರ್ಥ ಹೇಳುತ್ತಾಳೆ, ವ್ಯಾಕರಣ ಇನ್ನೊಂದು ಹೇಳುತ್ತದೆ. ಹಾಗಾದರೆ ಬೈಬಲ್‌ನಲ್ಲಿ ಬರೆದದ್ದು ತಪ್ಪು ಅಂತಾಯಿತಲ್ಲ? ನಂಬಿಕೆಯಿಂದ ಹೆಸರಿಡುವವರಿಗೆ ಇದನ್ನೆಲ್ಲ ಯಾಕೆ ಹೇಳಬೇಕು?

ಹೀಬ್ರೂ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ನಾನು ವಿದ್ಯಾರ್ಥಿಯಾಗಿದ್ದಾಗ ನನ್ನನ್ನೂ ಇದು ತುಂಬಾ ಕಾಡಿತ್ತು.

ನಮ್ಮ ಬೆಂಗಳೂರನ್ನೇ ನೋಡಿ. ಹೊಯ್ಸಳ ದೊರೆ ವೀರಬಲ್ಲಾಳ ಬೇಟೆಯಲ್ಲಿ ದಾರಿ ತಪ್ಪಿದ, ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದೇ ಬೆಂದಕಾಳೂರು ಅಂತ ಕಥೆ. ಆದರೆ ಬೇಗೂರಿನ ವೀರಗಲ್ಲಿನಲ್ಲಿ ‘ಬೆಂಗಳೂರು’ ಅಂತಲೇ ಕೆತ್ತಿದೆ. ಅದು ಸುಮಾರು 890ರ ಕಾಲದ್ದು, ಬಲ್ಲಾಳನಿಗಿಂತ ಸುಮಾರು 300 ವರ್ಷ ಹಿಂದಿನದು. ಹಾಗಂತ ಅಜ್ಜಿಯ ಕಥೆಯನ್ನು ನಾವು ಬಿಸಾಕಿದ್ದೇವಾ? ಇಲ್ಲ. ಹಸಿದು ಬಂದವನಿಗೆ ಊಟ ಕೊಟ್ಟ ಊರು ಅಂತ ಆ ಕಥೆ ಹೇಳುತ್ತದೆ. ಕಲ್ಲು ಹೇಳುವುದು ಪದದ ವಯಸ್ಸನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಬೈಬಲ್‌ನ ತಾಯಂದಿರು ಹೆಸರಿಡುವಾಗ ನಿಘಂಟು ಬರೆಯುತ್ತಿಲ್ಲ. ಹೆಸರಿನ ಸದ್ದನ್ನು ಹಿಡಿದು ತಮ್ಮ ಮನಸ್ಸಿನ ಮಾತು ಹೇಳುತ್ತಿದ್ದಾರೆ. ಮೋಶೆಯ ಹೆಸರು ಇನ್ನೊಂದು ಉದಾಹರಣೆ. ಫರೋಹನ ಮಗಳು ‘ನೀರಿನಿಂದ ಎಳೆದುಕೊಂಡೆ’ ಅನ್ನುತ್ತಾಳೆ, ಹೀಬ್ರೂನಲ್ಲಿ ‘ಮಾಶಾ’ ಅಂದರೆ ಎಳೆ. ಆದರೆ ಈಜಿಪ್ಟಿನ ರಾಜಕುಮಾರಿ ಹೀಬ್ರೂನಲ್ಲಿ ಹೆಸರಿಡುವುದುಂಟೇ? ಥುತ್ಮೋಸ್, ರಾಮ್ಸೇಸ್ ಅನ್ನುವ ಫರೋಹರ ಹೆಸರುಗಳಲ್ಲಿ ಇರುವ ‘ಮೋಸ್’, ಅಂದರೆ ‘ಹುಟ್ಟಿದವನು’, ಅದೇ ಇಲ್ಲೂ ಇರಬೇಕು. ಇನ್ನೂ ಸ್ವಾರಸ್ಯ ಎಂದರೆ, ಹೀಬ್ರೂ ವ್ಯಾಕರಣದಲ್ಲಿ ‘ಮೋಶೆ’ ಅಂದರೆ ಎಳೆಯಲ್ಪಟ್ಟವನು ಅಲ್ಲ, ಎಳೆಯುವವನು. ಮುಂದೆ ಕೆಂಪು ಸಮುದ್ರದ ನೀರಿನಿಂದ ಇಡೀ ಜನರನ್ನು ಆಚೆ ದಾಟಿಸುವವನು ಅವನೇ. ಈಜಿಪ್ಟಿನ ಒಂದು ಸಾಧಾರಣ ಹೆಸರಿನಲ್ಲಿ ಕಥೆ ಹೇಳುವವರು ಅಷ್ಟನ್ನು ಕಂಡರು. ಇದನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ನೇರ ಮಾತು:
ಬೆಂದಕಾಳೂರಿನ ಮಾತು ಮನಸ್ಸಿಗೆ ಹತ್ತಿತು. ಧನ್ಯವಾದ ಮೇಷ್ಟ್ರೇ.

ಶಾಸನದ ಹುಚ್ಚು:
ತಡವಾಗಿ ಬಂದೆ, ಆದರೆ ‘ಶಮಾ’ ಅಂದ ಮೇಲೆ ಒಂದು ಮುದ್ರೆಯ ಬಗ್ಗೆ ಹೇಳದೆ ಇರಲಾರೆ. 1904ರಲ್ಲಿ ಇಸ್ರೇಲ್‌ನ ಹಳೆಯ ಊರು ಮೆಗಿದ್ದೋದ ಅಗೆತದಲ್ಲಿ ಜ್ಯಾಸ್ಪರ್ ಕಲ್ಲಿನ ಒಂದು ಮುದ್ರೆ ಸಿಕ್ಕಿತು. ಘರ್ಜಿಸುವ ಸಿಂಹ, ಸುತ್ತ ಅಕ್ಷರ: ‘ಶೆಮಾನದು, ಯಾರೊಬ್ಬಾಮನ ಸೇವಕ’. ಆ ಅಧಿಕಾರಿಯ ಹೆಸರೇ ಶೆಮಾ! ‘ಶೆಮಾಯಾಹು’, ಅಂದರೆ ಯೆಹೋವ ಕೇಳಿದ್ದಾನೆ, ಅನ್ನುವುದರ ಗಿಡ್ಡ ರೂಪ ಇರಬೇಕು. ಕ್ರಿಸ್ತಪೂರ್ವ 8ನೇ ಶತಮಾನದ ಇಸ್ರಾಯೇಲಿನ ಅರಸ ಎರಡನೇ ಯಾರೊಬ್ಬಾಮನ ಕಾಲದ್ದು ಅಂತ ಹೆಚ್ಚಿನವರ ಅಭಿಪ್ರಾಯ. ಮೂಲ ಮುದ್ರೆಯನ್ನು ಇಸ್ತಾಂಬುಲ್‌ಗೆ ಕಳಿಸಿದರು, ಅಲ್ಲಿಂದ ಅದು ಕಾಣೆಯಾಯಿತು. ಅಚ್ಚು ತೆಗೆದಿಟ್ಟಿದ್ದರಿಂದ ಅಕ್ಷರ ಉಳಿಯಿತು. ಚಿತ್ರ ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಹೆಸರುಗಳು ಇತಿಹಾಸಕ್ಕೆ ಎಷ್ಟು ಮುಖ್ಯ ಅನ್ನುವುದಕ್ಕೆ ಇನ್ನೊಂದು. ಸೌಲನ ಮಗನ ಹೆಸರು 2 ಸಮುವೇಲದಲ್ಲಿ ಈಷ್ಬೋಶೆತ, ‘ನಾಚಿಕೆಯ ಮನುಷ್ಯ’. ಮಗನಿಗೆ ಹಾಗೆ ಯಾರು ಹೆಸರಿಡುತ್ತಾರೆ? 1 ಪೂರ್ವಕಾಲವೃತ್ತಾಂತ 8:33 ನೋಡಿ, ಅಲ್ಲಿ ಎಷ್ಬಾಳ ಅಂತಿದೆ. ‘ಬಾಳ್’ ಅಂದರೆ ಒಡೆಯ, ಯಜಮಾನ. ಕಾನಾನಿನ ಒಬ್ಬ ದೇವರಿಗೂ ಅದೇ ಹೆಸರು. ಆ ಬಾಳನ ಪೂಜೆ ಪ್ರವಾದಿಗಳಿಗೆ ಸಹಿಸದ ವಿಷಯವಾದ ಮೇಲೆ ಬರೆಯುವವರು ಆ ಪದವನ್ನು ಕಿತ್ತು ‘ಬೋಶೆತ್’, ನಾಚಿಕೆ, ಅಂತ ಇಟ್ಟರು ಅನ್ನುವುದು ವಿದ್ವಾಂಸರ ವಿವರಣೆ. 2012ರಲ್ಲಿ ಖಿರ್ಬೆತ್ ಕೆಯಾಫಾ ಅನ್ನುವ ಕಡೆ ಒಡೆದ ಜಾಡಿಯೊಂದರ ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ ‘ಎಷ್ಬಾಳ, ಬೆದನ ಮಗ’ ಅಂತ ಬರೆದಿದೆ. ಇವನು ಸೌಲನ ಮಗ ಅಲ್ಲ, ಬೇರೆ ಯಾರೋ. ಆದರೆ ಸುಮಾರು 3000 ವರ್ಷದ ಹಿಂದೆ ಯೆಹೂದದ ಸೀಮೆಯಲ್ಲಿ ಆ ಹೆಸರು ನಿಜವಾಗಿ ಇತ್ತು. ಪೂರ್ವಕಾಲವೃತ್ತಾಂತ ಹಳೆಯದನ್ನು ಕಾಪಾಡಿಕೊಂಡು ಬಂದಿದೆ.

ಯಾಕೋಬನ ಮಗಳು:
ನನ್ನದೂ ಒಂದು ನೋವು. ನಮ್ಮ ಅಪ್ಪನ ಹೆಸರು ಯಾಕೋಬ. 34 ವರ್ಷ ರೈಲ್ವೆಯಲ್ಲಿ ದುಡಿದರು, ಯಾರಿಂದಲೂ ಒಂದು ರೂಪಾಯಿ ಮುಟ್ಟಿದವರಲ್ಲ. ಚಿಕ್ಕಂದಿನಲ್ಲಿ ಭಾನುವಾರದ ಪಾಠಶಾಲೆಯಲ್ಲಿ ಟೀಚರ್ ಒಬ್ಬರು ‘ಯಾಕೋಬ ಅಂದ್ರೆ ಮೋಸಗಾರ’ ಅಂತ ಎಲ್ಲರ ಮುಂದೆ ಹೇಳಿದರು. ಮಕ್ಕಳೆಲ್ಲ ನನ್ನನ್ನು ನೋಡಿ ನಕ್ಕರು. ಅವತ್ತು ಅತ್ತದ್ದು ಇನ್ನೂ ನೆನಪಿದೆ. ಪಟ್ಟಿಗಳಲ್ಲೂ ಹಾಗೆಯೇ ಇದೆ.

ಹೀಬ್ರೂ ಮೇಷ್ಟ್ರು:
ತಂಗೀ, ಮಕ್ಕಳ ಮುಂದೆ ಹಾಗೆ ಹೇಳಬಾರದಿತ್ತು. ಪೂರ್ತಿ ವಿಷಯ ಹೀಗಿದೆ.

‘ಆಕೇವ್’ ಅಂದರೆ ಹಿಮ್ಮಡಿ. ಅಣ್ಣ ಏಸಾವನ ಹಿಮ್ಮಡಿ ಹಿಡಿದುಕೊಂಡು ಹುಟ್ಟಿದ್ದರಿಂದ ಯಾಕೋಬ ಅಂತ ಆದಿಕಾಂಡ 25. ಮೋಸದ ಅರ್ಥ ಬರುವುದು 27ರಲ್ಲಿ. ಆಶೀರ್ವಾದ ಕಳೆದುಕೊಂಡ ಏಸಾವ ಸಿಟ್ಟಿನಲ್ಲಿ ಆ ಹೆಸರನ್ನು ತಿರುಚಿ, ಎರಡು ಸಲ ನನ್ನನ್ನು ಮೋಸಗೊಳಿಸಿದ ಅನ್ನುತ್ತಾನೆ. ಅದು ನೊಂದ ಅಣ್ಣನ ಬಾಯಿಂದ ಬಂದ ಮಾತು. ಸಿಟ್ಟಿನಲ್ಲಿ ಆಡಿದ್ದನ್ನು ಹೆಸರಿನ ಅರ್ಥ ಅಂತ ಪಟ್ಟಿಗೆ ಸೇರಿಸಿಬಿಟ್ಟಿದ್ದಾರೆ.

ಇನ್ನು ಮೂಲ. ಆ ಸೀಮೆಯ ಹಳೆಯ ಜನಾಂಗವಾದ ಅಮೋರಿಯರ ಹೆಸರುಗಳಲ್ಲಿ ‘ಯಾಕುಬ್’ ಅನ್ನುವ ಭಾಗ ಬಹಳ ಸಲ ಬರುತ್ತದೆ, ಜೊತೆಗೆ ಒಬ್ಬ ದೇವರ ಹೆಸರು. ‘ಯಾಕುಬ್ ಹರ್’ ಅನ್ನುವ ಒಬ್ಬ ಅರಸನ ಮುದ್ರೆಗಳು ಈಜಿಪ್ಟಿನಲ್ಲೂ ಕಾನಾನಿನಲ್ಲೂ ಸಿಕ್ಕಿವೆ. ಅಲ್ಲಿ ಆ ಧಾತುವಿನ ಅರ್ಥ ‘ಕಾಪಾಡು’. ಹಾಗಾಗಿ ಯಾಕೋಬ ಅಂದರೆ ‘ದೇವರು ಕಾಯಲಿ’ ಅನ್ನುವುದರ ಗಿಡ್ಡ ರೂಪ ಅಂತ ಬಹಳ ವಿದ್ವಾಂಸರು ಒಪ್ಪುತ್ತಾರೆ. ಹಿಂದೆ ಬಂದು ಕಾಯುವುದು, ಹಿಮ್ಮಡಿಯ ಹಾಗೆ ಬೆನ್ನಿಗಿರುವುದು. ಅಪ್ಪ ಇದ್ದರೆ ಅವರಿಗೆ ಓದಿ ಹೇಳಿ.

ಯಾಕೋಬನ ಮಗಳು:
ಅಪ್ಪ ಇದ್ದಾರೆ. 81 ವರ್ಷ. ಈಗಷ್ಟೇ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು.

ಧಾರವಾಡದ ಅಪ್ಪ:
ಎಲ್ಲರ ಮಾತನ್ನೂ ಹೆಂಡತಿಗೆ ಓದಿ ಹೇಳುತ್ತಿದ್ದೇನೆ. ಮೇಷ್ಟ್ರೇ, ಎರಡು ಪ್ರಶ್ನೆ ಉಳಿದಿವೆ. ಹುಟ್ಟಿನ ಕಥೆ ಸೌಲನದು ಅನ್ನುವುದು ಹಿಡಿಸುವುದಿಲ್ಲ ಅಂದಿರಿ, ಯಾಕೆ? ಇನ್ನೊಂದು, ಜನನ ಪ್ರಮಾಣಪತ್ರದಲ್ಲಿ ಸಮುವೇಲ ಅಂತ ಬರೆಸಲೋ, ಸ್ಯಾಮ್ಯುಯೆಲ್ ಅಂತಲೋ? ಮುಂದೆ ಶಾಲೆಯಲ್ಲಿ ತೊಂದರೆ ಆಗಬಾರದು ಅಂತ ನಮ್ಮ ಅಣ್ಣ ಇಂಗ್ಲಿಷ್ ರೂಪವೇ ಇರಲಿ ಅನ್ನುತ್ತಾನೆ.

ಹೀಬ್ರೂ ಮೇಷ್ಟ್ರು:
ಮೊದಲನೆಯದು. ಹೀಬ್ರೂನಲ್ಲಿ ಶಾಊಲ್ ಬರೆಯಲು ನಾಲ್ಕು ಅಕ್ಷರ: ಶಿನ್, ಆಲೆಫ್, ವಾವ್, ಲಾಮೆದ್. ಶೆಮುಎಲ್ ಬರೆಯಲು ಐದು: ಶಿನ್, ಮೇಮ್, ವಾವ್, ಆಲೆಫ್, ಲಾಮೆದ್. ಸೌಲನ ನಾಲ್ಕೂ ಸಮುವೇಲನೊಳಗೆ ಇವೆ. ಮೇಮ್ ಒಂದು ಜಾಸ್ತಿ. ಆ ‘ಮೇಮ್’ ಪದದ ಮೊದಲಿಗೆ ಬಂದರೆ ‘ಇಂದ’ ಅನ್ನುವ ಅರ್ಥ. ‘ದೇವರಿಂದ ಕೇಳಿ ಪಡೆದವನು’ ಅನ್ನುವ ಮಾತಿನ ಸದ್ದನ್ನೇ ಒತ್ತಿ ಹಿಡಿದ ಹಾಗೆ ಆ ಹೆಸರು ಹನ್ನಳಿಗೆ ಕೇಳಿಸಿತು ಅಂತ ನಾನು ಓದುತ್ತೇನೆ. ಬೇಡಿದ್ದೂ ಅದರೊಳಗೇ ಇದೆ, ಯಾರಲ್ಲಿ ಬೇಡಿದಳೋ ಆ ದೇವರ ಹೆಸರೂ ಇದೆ. ಅದಕ್ಕೇ ಕಥೆ ಅವಳದೇ, ಸಮುವೇಲನದೇ.

ಎರಡನೆಯದು. ನನ್ನ ಮಾತು ಕೇಳಿದರೆ ಕನ್ನಡದ ರೂಪವೇ ಇರಲಿ. ಬೈಬಲ್‌ನ ಹೀಬ್ರೂನಲ್ಲಿ ನಮ್ಮ ‘ಜ’ ಸದ್ದೇ ಇಲ್ಲ. ಯಾಕೋವ್, ಯೋಸೇಫ್, ಯಿರ್ಮೆಯಾಹು. ಇಂಗ್ಲಿಷಿನವರು ಅದನ್ನು ಜೇಕಬ್, ಜೋಸೆಫ್, ಜೆರೆಮಾಯ ಮಾಡಿಕೊಂಡರು. ನಮ್ಮ ಬೈಬಲ್ ಯಾಕೋಬ, ಯೋಸೇಫ, ಯೆರೆಮೀಯ ಅಂತ ‘ಯ’ವನ್ನು ಉಳಿಸಿಕೊಂಡಿತು. ಯೆಹೋಶುವ, ಯೇಸು ಎರಡೂ ಒಂದೇ ಹೆಸರಿನ ರೂಪಗಳು, ‘ಯೆಹೋವನೇ ರಕ್ಷಣೆ’ ಅಂತ. ಅದು ಕಾಣುವುದೂ ಕನ್ನಡದಲ್ಲೇ, ಜೋಶುವಾ, ಜೀಸಸ್ ಅಂದಾಗ ಅಷ್ಟು ಕಾಣುವುದಿಲ್ಲ. ಸಮುವೇಲದಲ್ಲಿ ‘ಶ’ ಹೋಗಿ ‘ಸ’ ಬಂದಿದೆ, ಗ್ರೀಕ್‌ನಲ್ಲಿ ‘ಶ’ ಇಲ್ಲದ್ದರಿಂದ. ಆದರೂ ಕೊನೆಯ ‘ಏಲ’ ಕಿವಿಗೆ ಬೀಳುತ್ತದೆ.

ರಮತ್ ಗನ್ ಅಕ್ಕ:
ಇಲ್ಲಿ ಇದೇ ಹೆಸರಿನ ಮಕ್ಕಳನ್ನು ಪ್ರೀತಿಯಿಂದ ‘ಶ್ಮುಲಿಕ್’ ಅಂತ ಕರೆಯುತ್ತಾರೆ ಅಣ್ಣ. ನಿಮ್ಮ ಮನೆಯಲ್ಲಿ ಏನು ಕರೆಯುತ್ತೀರಿ?

ಸುಮ್ನೆ ಓದುವವ:
ಪ್ರಮಾಣಪತ್ರಕ್ಕೆ ಗಡಿಬಿಡಿ ಬೇಡ ಅಣ್ಣ. ಜನನ ನೋಂದಣಿ ಆದ ಮೇಲೆ 12 ತಿಂಗಳ ಒಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. ಆಮೇಲೆ 15 ವರ್ಷದವರೆಗೂ ತಡ ಶುಲ್ಕ ಕಟ್ಟಿ ಸೇರಿಸಬಹುದು. ಕನ್ನಡ, ಇಂಗ್ಲಿಷ್ ಎರಡರ ಕಾಗುಣಿತವನ್ನೂ ಮೊದಲ ಸಲವೇ ಸರಿಯಾಗಿ ಬರೆಯಿರಿ, ಆಧಾರ್‌ನಲ್ಲೂ ಅದೇ ಇರಲಿ. ಮತ್ತೆ, ಮೇಲೆ ‘ಕೇಳೋದು ಅಂದ್ರೆ ಕೇಳೋದೇ’ ಅಂತ ನಾನು ಬರೆದದ್ದಕ್ಕೆ ಇಷ್ಟೆಲ್ಲ ಕಲಿತೆ. ಎಲ್ಲರಿಗೂ ಧನ್ಯವಾದ.

ಧಾರವಾಡದ ಅಪ್ಪ:
ಇವತ್ತು ಮಹಾನಗರ ಪಾಲಿಕೆ ಕಚೇರಿಗೆ ಹೋಗಿ ಬಂದೆ. ಅರ್ಜಿಯಲ್ಲಿ ಕನ್ನಡದಲ್ಲಿ ‘ಸಮುವೇಲ’ ಅಂತಲೇ ಬರೆದೆ. ಕೌಂಟರಿನಲ್ಲಿದ್ದವರು ‘ಸ್ಯಾಮ್ಯುಯೆಲ್ ಅಲ್ರೀ?’ ಅಂತ ಎರಡು ಸಲ ಕೇಳಿದರು. ಅಲ್ಲ, ಸಮುವೇಲ ಅಂದೆ.

ಅಕ್ಕ, ಮನೆಯಲ್ಲಿ ಏನು ಕರೆಯುತ್ತೀರಿ ಅಂತ ಕೇಳಿದ್ದಿರಿ. ನಮ್ಮ ಅವ್ವ ಆಗಲೇ ‘ಸಮ್ಯಾ’ ಅಂತ ಶುರು ಮಾಡಿದ್ದಾಳೆ. ಈಗ ಅವನು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿದ್ದಾನೆ, ಇವಳು ಪಕ್ಕದಲ್ಲಿ ಕೂತು ಹೊಸ ಹಾಳೆಯ ಮೇಲೆ ಆ ಐದು ಹೀಬ್ರೂ ಅಕ್ಷರ ಬರೆಯುವುದನ್ನು ಕಲಿಯುತ್ತಿದ್ದಾಳೆ. ಬಲಗಡೆಯಿಂದ ಎಡಕ್ಕೆ.